ಬಿಪಿ ಮುಂಜಾನಿ 146/92, ಸಂಜಿಕ 128/82: ಯಾವ್ದು ಖರೇ?

ಬಿಸಿಲನಾಡು_ಕಲಬುರಗಿ
ನಮಸ್ಕಾರ್ರಿ. ವಯಸ್ಸು 46, ಗಂಜ್‌ನ್ಯಾಗ ಅಂಗಡಿ, ದಿನಾ ಗಾದಿ ಮ್ಯಾಲೆ ಕುಂತು ಲೆಕ್ಕ ಬರಿಯೋ ಕೆಲಸ. ಮನಿ ಮಷೀನ್‌ನ್ಯಾಗ ಬಿಪಿ ಹಿಂಗ ಬರ್ತದ. ಗುಳಿಗಿ ಇನ್ನೂ ಶುರು ಮಾಡಿಲ್ಲ. ಯಾವ್ದು ನಂಬಬೇಕ್ರಿ? ಎರಡೂ ಹೊತ್ತು ರೊಟ್ಟಿನೇ ಉಣ್ತೀವಿ, ಉಪ್ಪು ಎಲ್ಲಿ ಕಡಿಮಿ ಮಾಡ್ಬೇಕಂತ ತಿಳೀವಲ್ದು.

ಗುಳಿಗಿ_ಡಬ್ಬಿ
ಒಂದು ಸಲ ನೋಡಿದ್ದು ಯಾವ್ದೂ ನಂಬಬ್ಯಾಡ್ರಿ. 7 ದಿನ, ಮುಂಜಾನಿ ಎರಡು ಸಲ, ಸಂಜಿಕ ಎರಡು ಸಲ, ನಡುವ ಒಂದು ನಿಮಿಷ ಬಿಟ್ಟು ನೋಡಿ ಬರ್ಕೊಳ್ರಿ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ 135/85 ಅಥವಾ ಅದಕ್ಕಿಂತ ಮ್ಯಾಲೆ ಬಂದ್ರ ಚೀಟಿ ತಗೊಂಡು ಡಾಕ್ಟರ್ ಹತ್ರ ಹೋಗ್ರಿ. ದವಾಖಾನ್ಯಾಗ ನೋಡಿದ್ರ ಈ ಗಡಿ 140/90.

ಮುಂಜಾನಿ ಮೂತ್ರಕ್ಕ ಹೋಗಿ ಬಂದು, ಚಾ ಕುಡಿಯೂಕಿಂತ ಮೊದಲ ನೋಡ್ರಿ. ಬೆನ್ನಿಗೆ ಆಸರ ಇರೋ ಕುರ್ಚಿ ಬೇಕು, ಪಾದ ನೆಲಕ್ಕ ಊರಿರಬೇಕು, 5 ನಿಮಿಷ ಮಾತಿಲ್ದ ಕುಂದರಬೇಕು. ಮಷೀನಿನ ಪಟ್ಟಿ ಸುತ್ತೋದು ಅಂಗಿ ಮ್ಯಾಲೆ ಅಲ್ಲ, ಬರೇ ತೋಳಿಗೆ. ಕೈ ಎದಿ ಮಟ್ಟಕ್ಕ ಟೇಬಲ್ ಮ್ಯಾಲೆ. ಗಾದಿ ಮ್ಯಾಲೆ ಕುಂತು ಕೈ ತೊಡಿ ಮ್ಯಾಲೆ ಇಟ್ರ ಬಿಪಿ ಇದ್ದದ್ದಕ್ಕಿಂತ ಹೆಚ್ಚು ತೋರಿಸ್ತದ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದ್ರೂ ಅಷ್ಟೇ. ತಂಬಾಕು, ಗುಟ್ಕಾ ಹಾಕಿ ಅರ್ಧ ತಾಸು ಆಗೋತನ ಮಷೀನ್ ಮುಟ್ಟಬ್ಯಾಡ್ರಿ.

180/120 ದಾಟಿ ಎದಿನೋವು, ದಮ್ಮು ಅಥವಾ ಮಾತು ತೊದಲೋದು ಇದ್ರ ಲೆಕ್ಕ ಬರಕೋತ ಕೂಡೋದಲ್ಲ, ಕೂಡಲೇ ದವಾಖಾನಿ.

ರೊಟ್ಟಿ_ಹಿಂಡಿ
ರೊಟ್ಟಿ ಮ್ಯಾಲೆ ತಪ್ಪು ಹೊರಸಬ್ಯಾಡ್ರಿ! ನಮ್ಮ ಕಡಿ ಬಹಳ ಮನ್ಯಾಗ ಜ್ವಾಳದ ಹಿಟ್ಟಿಗೆ ಉಪ್ಪೇ ಹಾಕಂಗಿಲ್ಲ. ಉಪ್ಪು ಬರೋದು ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಮಜ್ಜಗಿಯಿಂದ. ಉಪ್ಪಿನ್ಯಾಗ ಬಿಪಿ ಏರಸೋ ಸೋಡಿಯಂ ಮಿರ್ಚಿ ಭಜಿ ಹಿಟ್ಟಿನ ಸೋಡಾದಾಗೂ ಅದ.

ಉಪ್ಪು ಒಬ್ಬರಿಗೆ ದಿನಕ್ಕ 5 ಗ್ರಾಂಕ್ಕಿಂತ ಕಡಿಮಿ ಇರಬೇಕು, ಅಂದ್ರ ಸಣ್ಣ ಚಮಚ ಒಂದರಷ್ಟೂ ಬ್ಯಾಡ. ಉಪ್ಪಿನ ಪಾಕೀಟು ಒಡೆದ ತಾರೀಖು ಅದರ ಮ್ಯಾಲೇ ಬರೀರಿ. ನಾಕು ಮಂದಿ ಮನ್ಯಾಗ 1 ಕಿಲೋ 30 ದಿನಕ್ಕ ಮುಗಿದ್ರ ಒಬ್ಬರಿಗೆ 8 ಗ್ರಾಂ ಮ್ಯಾಲಾತು. 50 ದಿನ ಬಂದ್ರ 5 ಗ್ರಾಂ. ಉಪ್ಪಿನಕಾಯಿ ಹಾಕಾಕ ತಗೊಂಡದ್ದು ಇದರಾಗ ಹಿಡೀಬ್ಯಾಡ್ರಿ. ಹಿಂಡಿ ಕುಟ್ಟುವಾಗ ಉಪ್ಪು ಅರ್ಧ ಮಾಡಿ ಬಳ್ಳೊಳ್ಳಿ, ಜೀರಿಗಿ ಹೆಚ್ಚು ಹಾಕ್ರಿ. ಪುಂಡಿ ಪಲ್ಯ ಹೆಂಗೂ ಹುಳಿ, ಉಪ್ಪು ಕಡಿಮಿ ಆದ್ರ ಯಾರಿಗೂ ಗೊತ್ತಾಗಂಗಿಲ್ಲ.

ಬಿಸಿಲನಾಡು_ಕಲಬುರಗಿ
ಕಡಿಮಿ ಸೋಡಿಯಂ ಉಪ್ಪು ಅಂತ ಬರ್ತದಲ್ರೀ, ಅದು ನಡೀತದೇನು? ಮತ್ತ ಈ ಬಿಸಿಲಾಗ ವಾಕಿಂಗ್ ಹ್ಯಾಂಗ?

ಗುಳಿಗಿ_ಡಬ್ಬಿ
ಅದರಾಗ ಸ್ವಲ್ಪ ಸೋಡಿಯಂ ಬದ್ಲಿ ಪೊಟ್ಯಾಶಿಯಂ ಇರ್ತದ. ಕಿಡ್ನಿ ತೊಂದ್ರಿ ಇದ್ದವ್ರು, ಟೆಲ್ಮಿಸಾರ್ಟಾನ್‌ನಂಥ ಬಿಪಿ ಗುಳಿಗಿ ನುಂಗೋವ್ರು ಕೇಳದ ಬಳಸಿದ್ರ ರಕ್ತದಾಗ ಪೊಟ್ಯಾಶಿಯಂ ಏರಿ ಹೃದಯದ ಬಡಿತ ಕೆಡಬಹುದು. ಮೊದಲ ಕಿಡ್ನಿ ರಕ್ತ ಪರೀಕ್ಷೆ ಮಾಡಿಸ್ರಿ.

ವಾಕಿಂಗ್ ವಾರಕ್ಕ 150 ನಿಮಿಷ, ಮಾತಾಡಾಕ ಬರಬೇಕು ಹಾಡಾಕ ಬರಬಾರದು, ಅಷ್ಟು ಜೋರು. ಏಪ್ರಿಲ್-ಮೇನ್ಯಾಗ ಮುಂಜಾನಿ 7ರ ಒಳಗ ಮುಗಿಸ್ರಿ; 10-10 ನಿಮಿಷ ತುಂಡು ಮಾಡಿದ್ರೂ ಲೆಕ್ಕಕ್ಕ ಬರ್ತದ. ಅಂಗಡ್ಯಾಗ ತಾಸಿಗೊಮ್ಮಿ ಗಾದಿಯಿಂದ ಏಳ್ರಿ. ಸೊಂಟನೋವಂತ ಡೈಕ್ಲೋಫೆನಾಕ್ ದಿನಾ ನುಂಗೋ ಚಟ ಇದ್ರ ಅದನ್ನೂ ಡಾಕ್ಟರ್‌ಗೆ ಹೇಳ್ರಿ, ಅದು ಬಿಪಿ ಏರಸ್ತದ, ಬಿಸಿಲಾಗ ಮೈಯಾಗ ನೀರು ಕಡಿಮಿ ಆದಾಗ ಕಿಡ್ನಿಗೂ ಪೆಟ್ಟು ಕೊಡ್ತದ.