ಹಂತಕಿಗೆ ನೆನಪು ಹೋಗಿದೆ, ಹಳೆ ಪ್ರೇಮಿ ಎದುರಿಗೇ ಇದ್ದಾನೆ, ಆದರೂ ಕಥೆ ಯಾಕೆ ಓಡ್ತಿಲ್ಲ?

ಅರ್ಧಕಥೆ:

ಒಂದು ರೊಮ್ಯಾಂಟಿಕ್ ಥ್ರಿಲ್ಲರ್ ಬರೆಯುತ್ತಿದ್ದೇನೆ, ಅರ್ಧಕ್ಕೆ ಬಂದು ಕೂತುಬಿಟ್ಟಿದೆ. ನಾಯಕಿ ಸುಪಾರಿ ತಗೊಂಡು ಕೊಲೆ ಮಾಡುವವಳು. ಒಂದು ಕೆಲಸದ ಮಧ್ಯೆ ಮಹಡಿಯಿಂದ ಬಿದ್ದು ತಲೆಗೆ ಪೆಟ್ಟಾಗುತ್ತದೆ. ಎಚ್ಚರವಾದಾಗ ಏನೂ ನೆನಪಿಲ್ಲ, ತನ್ನ ಹೆಸರೂ ಗೊತ್ತಿಲ್ಲ. ಅವಳನ್ನು ಮನೆಗೆ ಕರೆದುಕೊಂಡು ಹೋಗಿ ನೋಡಿಕೊಳ್ಳುವವನು ಅವಳ ಹಳೆ ಪ್ರೇಮಿ. ಇಬ್ಬರೂ ಜಗಳವಾಡಿ ಬೇರೆಯಾಗಿ ಎರಡು ವರ್ಷ ಆಗಿರುತ್ತದೆ. ನಿಧಾನಕ್ಕೆ ಪ್ರೀತಿ ಮತ್ತೆ ಶುರುವಾಗುತ್ತದೆ. ಕೊನೆಯಲ್ಲಿ ಗೊತ್ತಾಗುತ್ತೆ, ಅವತ್ತು ಅವಳು ಕೊಲ್ಲಲು ಹೋಗಿದ್ದು ಅವನನ್ನೇ ಅಂತ. ಕ್ಲೈಮ್ಯಾಕ್ಸಿನಲ್ಲಿ ತಲೆಗೆ ಇನ್ನೊಂದು ಪೆಟ್ಟು, ನೆನಪೆಲ್ಲ ವಾಪಸ್, ಕೈಯಲ್ಲಿ ಪಿಸ್ತೂಲು, ಎದುರಿಗೆ ಅವನು. ಅವಳು ಪಿಸ್ತೂಲು ಕೆಳಗಿಡುತ್ತಾಳೆ. ಮುಗೀತು.

ಓದಿದ ಗೆಳೆಯರು 'ಚೆನ್ನಾಗಿದೆ, ಆದ್ರೆ ಎಲ್ಲಾ ಮೊದಲೇ ಗೊತ್ತಾಗಿಬಿಡ್ತು' ಅಂದರು. ಒಬ್ಬಳಂತೂ ಇದೇನು ಹಳೇ ಸಿನಿಮಾನಾ ಅಂತ ನಕ್ಕಳು. ನನಗೆ ಬೇಕಾಗಿರುವುದು ಇಷ್ಟೇ. ತಲೆಗೆ ಪೆಟ್ಟು ಬಿದ್ದರೆ ನಿಜವಾಗಿ ಹೀಗೆ ಮರೆತುಹೋಗುತ್ತಾ? ಏನೂ ನೆನಪಿಲ್ಲದವಳಿಗೆ ಹಳೆ ಪ್ರೀತಿ ಎಲ್ಲಿಂದ ಬರಬೇಕು? ಈ ಥರದ ಕಥೆಗಳನ್ನು ಜಾಸ್ತಿ ಓದಿರುವವರು ದಯವಿಟ್ಟು ಹೇಳಿ, ಮುಲಾಜು ಬೇಡ.

ಪುಟತಿರುವಿ:

ಮುಲಾಜು ಬೇಡ ಅಂದಿರಲ್ಲ, ಹಾಗಾದರೆ ಕೇಳಿ. ನೀವು ಗುಟ್ಟನ್ನು ಓದುಗರಿಂದ ಬಚ್ಚಿಟ್ಟಿದ್ದೀರಿ, ತೊಂದರೆ ಅಲ್ಲೇ ಇದೆ. ಈ ಜಾತಿಯ ಕಥೆ ಓದುವವರು ಕಿಲಾಡಿಗಳು. ಹಂತಕಿ, ನೆನಪು ಹೋಗಿದೆ, ಹಳೆ ಪ್ರೇಮಿ ಅಂತ ಮೂರು ಮಾತು ಕಿವಿಗೆ ಬಿದ್ದ ಕೂಡಲೇ 'ಓ, ಇವನನ್ನೇ ಕೊಲ್ಲೋಕೆ ಬಂದಿದ್ದಳು' ಅಂತ ಲೆಕ್ಕ ಹಾಕಿರುತ್ತಾರೆ. ಅಲ್ಲಿಂದ ಕೊನೆಯವರೆಗೂ ನೀವು ಅದನ್ನೇ ಮುಚ್ಚಿಡುತ್ತಾ ಹೋದರೆ ಅವರಿಗೆ ಆಕಳಿಕೆ ಬರುತ್ತೆ ಅಷ್ಟೆ. ಮೊದಲ ಅಧ್ಯಾಯದಲ್ಲೇ ಹೇಳಿಬಿಡಿ.

ಕಾಳಿದಾಸ ಮಾಡಿದ್ದು ಅದನ್ನೇ ಅಲ್ವಾ? ಮಹಾಭಾರತದ ಶಕುಂತಲೆ ಕಥೆಯಲ್ಲಿ ಉಂಗುರವೂ ಇಲ್ಲ, ದೂರ್ವಾಸರ ಶಾಪವೂ ಇಲ್ಲ. ಅಲ್ಲಿ ರಾಜನಿಗೆ ಎಲ್ಲಾ ನೆನಪಿದೆ, ಜನ ಏನಂದಾರು ಅನ್ನೋ ಭಯಕ್ಕೆ ಅವಳು ಯಾರೆಂದೇ ಗೊತ್ತಿಲ್ಲದವನ ಹಾಗೆ ನಾಟಕ ಆಡುತ್ತಾನೆ. ಕಾಳಿದಾಸ ಶಾಪ ತಂದ, ಮರೆವು ತಂದ. ಆದರೆ ಶಾಪದ ವಿಷಯ ನೋಡುವವರಿಗೆ ಗೊತ್ತು, ಗೆಳತಿಯರಿಗೆ ಗೊತ್ತು, ಗೊತ್ತಿಲ್ಲದಿರುವುದು ಆ ಇಬ್ಬರಿಗೆ ಮಾತ್ರ. ಹಾಗಾಗಿ ತುಂಬಿದ ಆಸ್ಥಾನದಲ್ಲಿ ಅವಳು ಉಂಗುರ ತೋರಿಸುತ್ತೇನೆ ಅಂತ ಬೆರಳು ಮುಟ್ಟಿಕೊಂಡು ಅದು ಬರಿದಾಗಿರುವುದನ್ನು ಕಂಡಾಗ ನಮ್ಮ ಹೊಟ್ಟೆ ಕಿವುಚುತ್ತದೆ. ಮರೆತವನ ಮುಖ ನೋಡಿ ಅಲ್ಲ, ನೆನಪಿರುವವಳ ಮುಖ ನೋಡಿ.

ನಿಮ್ಮ ಕಥೆಯಲ್ಲಿ ನೆನಪಿರುವವನು ಪ್ರೇಮಿ. ಕಥೆಯನ್ನು ಅವನ ಕಣ್ಣಿಂದ ಹೇಳಿ. ಅವಳು ತನ್ನನ್ನು ಕೊಲ್ಲಲು ಬಂದಿದ್ದಳು ಅಂತ ಅವನಿಗೆ ಮೊದಲ ದಿನವೇ ಗೊತ್ತಾಗಲಿ.

ಅರ್ಧಕಥೆ:

ಗೊತ್ತಿದ್ದರೆ ಮನೆಯಲ್ಲಿ ಯಾಕೆ ಇಟ್ಟುಕೊಳ್ಳುತ್ತಾನೆ? ಪೊಲೀಸರಿಗೆ ಹೇಳೋದಿಲ್ವಾ?

ಪುಟತಿರುವಿ:

ಅದೇ ನಿಮ್ಮ ಕಾದಂಬರಿ! ಯಾಕೆ ಇಟ್ಟುಕೊಳ್ಳುತ್ತಾನೆ ಅನ್ನೋ ಪ್ರಶ್ನೆಗೆ ಅವನ ಹತ್ತಿರವೂ ಸರಿಯಾದ ಉತ್ತರ ಇರಬಾರದು. ಸುಮ್ನೆ ಒಂದು ಉದಾಹರಣೆ ಹೇಳ್ತೀನಿ. ಅವಳ ಜಾಕೆಟ್ ಜೇಬಿನಲ್ಲಿ ಒಂದು ಮಡಿಸಿದ ಚೀಟಿ ಸಿಗುತ್ತೆ. ಅವಳದೇ ಅಕ್ಷರ. ಅವನು ಎಷ್ಟು ಗಂಟೆಗೆ ಮನೆಗೆ ಬರುತ್ತಾನೆ, ಯಾವ ಬಾಗಿಲಿಂದ ಬರುತ್ತಾನೆ, ಎಲ್ಲಾ ಬರೆದಿದೆ. ಕೊನೆಯ ಸಾಲು, 'ಮೂರನೇ ಮೆಟ್ಟಿಲ ಮೇಲೆ ನಿಂತು ಬೀಗದ ಕೈ ಹುಡುಕುತ್ತಾನೆ, ಆಗ ತಲೆ ಬಗ್ಗಿರುತ್ತೆ.' ಇದು ಗುಂಡು ಹಾರಿಸಲು ಬೇಕಾದ ಮಾಹಿತಿ. ಆದರೆ ಅವನು ಹಾಗೆ ನಿಲ್ಲುತ್ತಾನೆ ಅಂತ ಗೊತ್ತಿರಬೇಕಾದರೆ ಅವನ ಜೊತೆ ಬಾಳಿರಬೇಕು. ಅವನು ಆ ಚೀಟಿಯನ್ನು ಸುಡೋದಿಲ್ಲ, ಪೊಲೀಸರಿಗೂ ಕೊಡೋದಿಲ್ಲ. ಪಕ್ಕದ ಕೋಣೆಯಲ್ಲಿ ಅವಳು 'ನೀನು ನನಗೆ ಏನಾಗಬೇಕು?' ಅಂತ ಕೇಳುತ್ತಿದ್ದಾಳೆ. ಈಗ ಪುಟ ತಿರುಗುತ್ತೋ ಇಲ್ವೋ ನೋಡಿ.

ನರಮಂಡಲ:

ಮೆದುಳಿನ ಕಾಯಿಲೆಗಳ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ, ಮರೆವಿನ ಭಾಗಕ್ಕೆ ಉತ್ತರ ಕೊಡ್ತೀನಿ. ಸ್ವಲ್ಪ ಉದ್ದ ಆಗುತ್ತೆ.

ತಲೆಗೆ ಪೆಟ್ಟು ಬಿದ್ದು ತನ್ನ ಹೆಸರೇ ಮರೆತು, ಉಳಿದಂತೆ ಚುರುಕಾಗಿ ಓಡಾಡಿಕೊಂಡಿರುವುದು ಬಹಳ ಅಪರೂಪ. ಹೆಸರೂ ಬದುಕೂ ಪೂರ್ತಿ ಅಳಿಸಿಹೋದಾಗ ಕಾರಣ ಹೆಚ್ಚಾಗಿ ಮನಸ್ಸಿನ ಮೇಲಿನ ಭಾರಿ ಒತ್ತಡ. ಇದಕ್ಕೆ ಹಳೆಯ ಹೆಸರಾಂತ ಉದಾಹರಣೆ ಅಮೆರಿಕದ ಆನ್ಸೆಲ್ ಬೋರ್ನ್ ಅನ್ನುವ ಧರ್ಮಬೋಧಕ. 1887ರಲ್ಲಿ ಮನೆಯಿಂದ ಕಾಣೆಯಾದ. ಸುಮಾರು ಎರಡು ತಿಂಗಳು ಪೆನ್ಸಿಲ್ವೇನಿಯಾದ ಒಂದು ಊರಲ್ಲಿ ಬ್ರೌನ್ ಅನ್ನುವ ಹೆಸರಲ್ಲಿ ಅಂಗಡಿ ಇಟ್ಟುಕೊಂಡಿದ್ದ. ಒಂದು ಬೆಳಿಗ್ಗೆ ಎದ್ದವನಿಗೆ ತಾನು ಬೋರ್ನ್ ಅಂತ ನೆನಪಾಯಿತು, ಅಂಗಡಿ ಯಾರದು ಅಂತ ಗೊತ್ತಾಗಲಿಲ್ಲ. ಆಮೇಲೆ ಮನೋವಿಜ್ಞಾನಿ ವಿಲಿಯಂ ಜೇಮ್ಸ್ ಅವನನ್ನು ಸಮ್ಮೋಹನಕ್ಕೆ ಒಳಪಡಿಸಿ ಮಾತಾಡಿಸಿದರು.

ಇನ್ನು ಎರಡನೇ ಪೆಟ್ಟಿನಿಂದ ನೆನಪು ವಾಪಸ್ ಬರೋದು ಶುದ್ಧ ಸುಳ್ಳು. ಎರಡನೇ ಪೆಟ್ಟು ಬಿದ್ದರೆ ಗಾಯ ಇನ್ನೂ ಕೆಡುತ್ತೆ. ಅದನ್ನು ದಯವಿಟ್ಟು ತೆಗೀರಿ, ಕೈ ಮುಗೀತೀನಿ.

ಪೆಟ್ಟಿನಿಂದ ನಿಜವಾಗಿ ಏನಾಗುತ್ತೆ ಅಂದ್ರೆ, ಇತ್ತೀಚಿನದು ಮೊದಲು ಹೋಗುತ್ತೆ, ಹಳೆಯದು ಉಳಿಯುತ್ತೆ. ಥಿಯೊಡ್ಯೂಲ್ ರಿಬೊ ಅನ್ನುವ ಫ್ರೆಂಚ್ ಮನೋವಿಜ್ಞಾನಿ 1881ರಲ್ಲೇ ಇದನ್ನು ಬರೆದಿದ್ದಾರೆ. ಸಾಮಾನ್ಯವಾಗಿ ಹೋಗುವುದು ಪೆಟ್ಟಿಗೆ ಮುಂಚಿನ ಕೆಲವು ನಿಮಿಷ, ಕೆಲವು ಗಂಟೆ. ಗಾಯ ಜೋರಾಗಿದ್ದರೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೂ ಹೋಗಬಹುದು. ಈಗ ನಿಮ್ಮ ಕಥೆಗೆ ಇದನ್ನು ಹಾಕಿ ನೋಡಿ. ಅವಳಿಗೆ ಎಲ್ಲಾ ಮರೆಯೋದು ಬೇಡ, ಕೊನೆಯ ಮೂರು ವರ್ಷ ಮಾತ್ರ ಹೋಗಲಿ. ಅಂದರೆ ಜಗಳ ನೆನಪಿಲ್ಲ, ಬೇರೆಯಾಗಿದ್ದು ನೆನಪಿಲ್ಲ, ಸುಪಾರಿ ನೆನಪಿಲ್ಲ. ಅವಳ ಲೆಕ್ಕದಲ್ಲಿ ಇಬ್ಬರೂ ನಿನ್ನೆ ರಾತ್ರಿಯವರೆಗೂ ಜೊತೆಗಿದ್ದರು. ಕಣ್ಣು ಬಿಟ್ಟ ಕೂಡಲೇ ಅವನ ಕೈ ಹುಡುಕುತ್ತಾಳೆ. ಪ್ರೀತಿ ಮತ್ತೆ ಹುಟ್ಟಬೇಕಾದ್ದು ಅವಳಲ್ಲಿ ಅಲ್ಲ, ಅವನಲ್ಲಿ.

ನೆನಪು ಮರಳುವಾಗಲೂ ಒಟ್ಟಿಗೆ ಬರೋದಿಲ್ಲ. ತುಂಡು ತುಂಡಾಗಿ ಬರುತ್ತೆ, ಸಾಮಾನ್ಯವಾಗಿ ಹಳೆಯ ಕಡೆಯಿಂದ ಈಚೆಗೆ. ಪೆಟ್ಟು ಬೀಳುವ ಮುಂಚಿನ ಕೊನೆಯ ಕ್ಷಣಗಳು ಎಷ್ಟೋ ಜನಕ್ಕೆ ಯಾವತ್ತೂ ಬರೋದೇ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಕ್ಲೈಮ್ಯಾಕ್ಸ್ ಇದರಲ್ಲೇ ಇದೆ ಅಂತ ನನಗನಿಸುತ್ತೆ.

ಅರ್ಧಕಥೆ:

ಅಬ್ಬಾ, ಇದು ಹೊಳೆದೇ ಇರಲಿಲ್ಲ. ಆದರೆ ಒಂದು ಅನುಮಾನ. ಸುಪಾರಿ ಕೆಲಸ ಅವಳು ಆ ಮೂರು ವರ್ಷದಲ್ಲೇ ಕಲಿತಿದ್ದರೆ ಕೈಚಳಕವೂ ಹೋಗುತ್ತಲ್ವಾ? ನನಗೆ ಅವಳು ಒಂದು ಕಡೆ ತನಗೇ ಗೊತ್ತಿಲ್ಲದೆ ಒಬ್ಬನನ್ನು ಹೊಡೆದು ಬೀಳಿಸುವ ದೃಶ್ಯ ಬೇಕು.

ನರಮಂಡಲ:

ಇಟ್ಟುಕೊಳ್ಳಿ, ಅದಕ್ಕೆ ಆಧಾರ ಇದೆ. ಹೆನ್ರಿ ಮೊಲೈಸನ್ ಅಂತ ಒಬ್ಬರಿದ್ದರು. ಅಪಸ್ಮಾರಕ್ಕೆ ಅಂತ 1953ರಲ್ಲಿ ಮೆದುಳಿನ ಎರಡೂ ಬದಿಯಲ್ಲಿ, ಹೊಸ ನೆನಪು ಕಟ್ಟುವ ಭಾಗವಾದ ಹಿಪ್ಪೊಕ್ಯಾಂಪಸ್‌ನ ಬಹುಭಾಗ ತೆಗೆದರು, ಆಮೇಲೆ ಅವರಿಗೆ ಹೊಸದೇನೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಬ್ರೆಂಡಾ ಮಿಲ್ನರ್ ಅನ್ನುವ ಮನೋವಿಜ್ಞಾನಿ ಈ ಮೊಲೈಸನ್ ಅವರಿಗೆ ಒಂದು ಕೆಲಸ ಕೊಟ್ಟರು. ಕಾಗದವನ್ನು ನೇರವಾಗಿ ನೋಡದೆ ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದಬೇಕು. ದಿನದಿಂದ ದಿನಕ್ಕೆ ಅವರ ಕೈ ಪಳಗುತ್ತಾ ಹೋಯಿತು. ಆದರೆ ಈ ಕೆಲಸ ಮೊದಲು ಮಾಡಿದ ನೆನಪೇ ಅವರಿಗಿರಲಿಲ್ಲ. ಕೈ ಕಲಿತದ್ದು ಬೇರೆ ಕಡೆ ಇರುತ್ತೆ. ಅವರದು ಬೇರೆ ಜಾತಿಯ ಮರೆವು, ನಿಮ್ಮ ನಾಯಕಿಯದಲ್ಲ, ಆದರೂ ಕೈಯ ವಿಷಯ ಇಲ್ಲೂ ಒಪ್ಪುತ್ತೆ.

ಭಯವೂ ಹಾಗೇ ಉಳಿಯಬಹುದು. ಕ್ಲಾಪರೆಡ್ ಅನ್ನುವ ಸ್ವಿಸ್ ವೈದ್ಯ 1911ರಲ್ಲಿ ಬರೆದದ್ದು. ಅವರ ಒಬ್ಬ ರೋಗಿಗೆ ಏನೂ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಒಂದು ದಿನ ಬೆರಳ ಮಧ್ಯೆ ಗುಂಡುಸೂಜಿ ಹಿಡಿದು ಆಕೆಯ ಕೈ ಚುಚ್ಚಿದರು. ಅದನ್ನೂ ಆಕೆ ಮರೆತಳು. ಆದರೆ ಆಮೇಲೆ ಅವರು ಕೈ ಚಾಚಿದಾಗ ತನ್ನ ಕೈ ಹಿಂದಕ್ಕೆ ಎಳೆದುಕೊಂಡಳು, ಯಾಕೆ ಅಂತ ಸರಿಯಾಗಿ ಹೇಳಲಾಗಲಿಲ್ಲ. (ಇವತ್ತು ಯಾರಾದರೂ ರೋಗಿಯ ಮೇಲೆ ಹೀಗೆ ಮಾಡಿದರೆ ಕೆಲಸ ಹೋಗುತ್ತೆ.) ನಿಮ್ಮ ನಾಯಕಿ ಅವನನ್ನು ಪ್ರೀತಿಸುತ್ತಾಳೆ ಸರಿ, ಆದರೆ ಅವನು ಒಂದು ನಿರ್ದಿಷ್ಟ ಥರ ಧ್ವನಿ ಏರಿಸಿದಾಗ ಅವಳ ಮೈ ಸೆಟೆದುಕೊಳ್ಳಲಿ. ಜಗಳ ಮರೆತಿದ್ದಾಳೆ, ಮೈ ಮರೆತಿಲ್ಲ. ಅದನ್ನು ನೋಡಿದಾಗ ಅವನಿಗೆ ತಾನು ಅವತ್ತು ಏನು ಮಾಡಿದ್ದೆ ಅಂತ ಗೊತ್ತಾಗುತ್ತೆ, ಅವಳಿಗೆ ಗೊತ್ತಾಗೋದಿಲ್ಲ.

ಮುಂಗೋಪಿ:

ಎಲ್ಲರೂ ಮೆದುಳಿನ ಬಗ್ಗೆಯೇ ಮಾತಾಡ್ತಿದ್ದೀರಿ, ನನ್ನ ತಕರಾರು ಬೇರೆ. ಈ ಕಥೆಗಳಲ್ಲಿ ಮರೆವು ಅನ್ನೋದು ಪಾಪ ತೊಳೆಯುವ ಸೋಪು ಆಗಿಬಿಟ್ಟಿದೆ. ಹತ್ತಾರು ಜನರನ್ನು ಕೊಂದವಳು ಮಂಚದ ಮೇಲೆ ಕಣ್ಣು ಬಿಟ್ಟು ಮುಗ್ಧವಾಗಿ ನಕ್ಕರೆ ನಾವು ಕರಗಬೇಕು. ಅವಳು ಮರೆತರೆ ಸತ್ತವರು ಎದ್ದು ಬರುತ್ತಾರಾ? ಅವರ ಮನೆಯವರಿಗೆ ಮರೆವು ಬಂದಿಲ್ಲವಲ್ಲ. ಕಥೆಯ ಮಧ್ಯೆ ಎಲ್ಲಾದರೂ ಒಬ್ಬ ಅಪರಿಚಿತ ಅವಳನ್ನು ಗುರುತು ಹಿಡಿಯಲಿ, ಅವಳು ಮುಖದಲ್ಲಿ ನಗು ಇಟ್ಟುಕೊಂಡೇ 'ನಾವು ಮೊದಲು ಭೇಟಿ ಆಗಿದ್ವಾ?' ಅಂತ ಕೇಳಲಿ.

ಪ್ರೇಮಿಯೂ ಕಮ್ಮಿ ಏನಲ್ಲ. ಜಗಳ ಆಗಿ ಬಿಟ್ಟುಹೋದವಳು ಅವಳು. ಈಗ ಆ ಜಗಳ ಅವಳಿಗೆ ಗೊತ್ತಿಲ್ಲ ಅಂತ ಅವನು ಏನೂ ಆಗೇ ಇಲ್ಲವೇನೋ ಅನ್ನೋ ಥರ ಪಕ್ಕದಲ್ಲಿ ಮಲಗಿದರೆ ಅದಕ್ಕೆ ಪ್ರೀತಿ ಅಂತೀರಾ? ಅವಳು ಬೇಡ ಅಂದಿದ್ದಳು. ಬೇಡ ಅಂದದ್ದು ಅವಳಿಗೆ ಮರೆತಿದೆ, ಇವನಿಗೆ ಮರೆತಿಲ್ಲ. ಇಂಥ ಕಡೆ ಬಹಳಷ್ಟು ಲೇಖಕರು ಒಂದು ಹಾಡು ಹಾಕಿ ಮುಂದೆ ಹೋಗುತ್ತಾರೆ.

ಪುಟತಿರುವಿ:

ಮುಂಗೋಪಿ ಅವರೇ, ಎರಡನೆಯದನ್ನು ಪೂರ್ತಿ ಒಪ್ತೀನಿ, ಮೊದಲನೆಯದನ್ನು ಅರ್ಧ ಮಾತ್ರ. ಹಂತಕಿಯ ಕಥೆಯಲ್ಲಿ ಪ್ರತಿ ಪುಟದಲ್ಲೂ ನ್ಯಾಯ ಕೇಳುತ್ತಾ ಕೂತರೆ ಅದು ಕೋರ್ಟಿನ ಕಥೆ ಆಗುತ್ತೆ. ಓದುಗರು ಬಂದಿರೋದು ಎದೆ ಹೊಡೆದುಕೊಳ್ಳಲಿ ಅಂತ. ಆದರೆ ಅವನು ಸುಳ್ಳು ಹೇಳುತ್ತಿದ್ದಾನೆ ಅನ್ನೋದನ್ನು ಮುಚ್ಚಬಾರದು, ಬದಲಿಗೆ ಅದನ್ನೇ ಬಿಗಿ ಮಾಡುತ್ತಾ ಹೋಗಬೇಕು. ಅವಳು ಕೊಲ್ಲಲು ಬಂದಿದ್ದಳು ಅಂತ ಅವನು ಹೇಳೋದಿಲ್ಲ, ಅವಳು ತನ್ನನ್ನು ಬಿಟ್ಟುಹೋಗಿದ್ದಳು ಅಂತಲೂ ಹೇಳೋದಿಲ್ಲ. ಮೊದಲನೆಯದು ಭಯಕ್ಕೆ, ಎರಡನೆಯದು ಆಸೆಗೆ. ಆಸೆಗೆ ಹೇಳಿದ ಸುಳ್ಳು ಮೊದಲು ಸಿಕ್ಕಿಬೀಳಬೇಕು.

ನರಮಂಡಲ:

ಸುಳ್ಳಿನ ಮಾತು ಬಂದಿದ್ದಕ್ಕೆ ಒಂದು ಸೇರಿಸ್ತೀನಿ. ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಮತ್ತು ಜೊತೆಗಾರರು 1995ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. 24 ಜನರಿಗೆ ಅವರ ಬಾಲ್ಯದ ನಿಜ ಘಟನೆಗಳ ಜೊತೆ, ಚಿಕ್ಕವರಿದ್ದಾಗ ಮಾಲ್‌ನಲ್ಲಿ ಕಳೆದುಹೋಗಿದ್ರಿ ಅನ್ನೋ ಕಟ್ಟುಕಥೆಯನ್ನೂ ಸೇರಿಸಿ ಕೊಟ್ಟರು. ಸುಮಾರು ಕಾಲು ಭಾಗ ಜನ ಅದು ಪೂರ್ತಿಯೋ ಸ್ವಲ್ಪವೋ ನೆನಪಿದೆ ಅಂದರು. ಅವರಲ್ಲಿ ಯಾರ ತಲೆಗೂ ಪೆಟ್ಟು ಬಿದ್ದಿರಲಿಲ್ಲ! ಮೂರು ವರ್ಷ ಖಾಲಿ ಇರುವವಳಿಗೆ, ನಂಬಿದವನು ದಿನಾ ಒಂದೊಂದು ತುಂಡು ಕಥೆ ಹೇಳುತ್ತಾ ಹೋದರೆ? ನಾವಿಬ್ಬರೂ ಆ ವರ್ಷ ಸಮುದ್ರದ ಹತ್ತಿರ ಮನೆ ಮಾಡಿದ್ವಿ, ನೀನು ಗೋಡೆಗೆ ನೀಲಿ ಬಣ್ಣ ಬೇಕು ಅಂತ ಹಟ ಮಾಡಿದ್ದೆ ಅಂತ. ಸ್ವಲ್ಪ ದಿನಕ್ಕೆ ಅವಳೇ ಆ ನೀಲಿ ಗೋಡೆ ನೆನಪಿದೆ ಅನ್ನುತ್ತಾಳೆ, ಬಣ್ಣ ಕೈಗೆ ಅಂಟಿದ್ದೂ ನೆನಪಿದೆ ಅನ್ನುತ್ತಾಳೆ. ಅಂಥ ಗೋಡೆ ಇರಲೇ ಇಲ್ಲ. ಆಗ ಅವನಿಗೆ ಖುಷಿ ಆಗಬೇಕೋ ಭಯ ಆಗಬೇಕೋ?

ಅರ್ಧಕಥೆ:

ಇದನ್ನು ಓದಿ ನನಗೇ ಭಯ ಆಯ್ತು. ಸರಿ, ಈಗ ಹೀಗೆ ಬದಲಾಯಿಸ್ತೀನಿ. ಮೂರು ವರ್ಷ ಮಾತ್ರ ಮರೆವು. ಚೀಟಿ ಮೊದಲ ಅಧ್ಯಾಯದಲ್ಲೇ ಅವನಿಗೆ ಸಿಗುತ್ತೆ. ನೀಲಿ ಗೋಡೆಯ ಸುಳ್ಳು ಮಧ್ಯದಲ್ಲಿ ಬಯಲಾಗುತ್ತೆ. ಎರಡನೇ ಪೆಟ್ಟು ಕಿತ್ತುಹಾಕಿದೆ. ಕೊನೆಗೆ ಅವಳಿಗೆ ಬಹುಪಾಲು ನೆನಪು ಬರುತ್ತೆ, ಚೀಟಿ ಬರೆದದ್ದು, ಮಹಡಿ ಹತ್ತಿದ್ದು, ಅವನು ಮೂರನೇ ಮೆಟ್ಟಿಲ ಮೇಲೆ ನಿಂತಿದ್ದು, ಪಿಸ್ತೂಲು ಎತ್ತಿದ್ದು. ಅಲ್ಲಿಂದಾಚೆ ಬೀಳುವವರೆಗಿನ ಕೆಲವು ಸೆಕೆಂಡು ಬರೋದೇ ಇಲ್ಲ. ಹಾರಿಸಲು ಹೊರಟಿದ್ದಳಾ, ಬೇಡ ಅಂತ ಹಿಂದೆ ಸರಿಯುವಾಗ ಕಾಲು ಜಾರಿತಾ, ಅವಳಿಗೂ ಗೊತ್ತಿಲ್ಲ, ತಲೆ ಬಗ್ಗಿಸಿ ನಿಂತಿದ್ದ ಅವನಿಗೂ ಗೊತ್ತಿಲ್ಲ. ಅಷ್ಟು ಗೊತ್ತಿಲ್ಲದೆಯೇ ಜೊತೆಗಿರಬೇಕಾ ಬೇಡವಾ ಅಂತ ಇಬ್ಬರೂ ತೀರ್ಮಾನ ಮಾಡಬೇಕು.

ನರಮಂಡಲ:

ನಾನು ಹೇಳಿದ್ದು ಇದನ್ನೇ. ಒಂದೇ ಕೋರಿಕೆ, ಎಚ್ಚರವಾದ ದಿನವೇ ಅವಳು ಸ್ಪಷ್ಟವಾಗಿ ಮಾತಾಡೋದು ಬೇಡ. ಅಷ್ಟು ಜೋರು ಗಾಯವಾದರೆ ಎಷ್ಟೋ ದಿನ ಗೊಂದಲ ಇರುತ್ತೆ, ಹೇಳಿದ್ದನ್ನೇ ಹೇಳ್ತಾರೆ, ಕೇಳಿದ್ದನ್ನೇ ಕೇಳ್ತಾರೆ, ಸಿಟ್ಟು ಬರುತ್ತೆ, ಬೆಳಕು ಕಂಡರೆ ಆಗೋದಿಲ್ಲ. ಮತ್ತೆ, ಮೊದಲು ಆಸ್ಪತ್ರೆಗೆ ಹಾಕಿ, ಆಮೇಲೆ ಮನೆ.

ಮುಂಗೋಪಿ:

ಕೊನೆ ಚೆನ್ನಾಗಿದೆ, ಒಪ್ಪಿದೆ. ಆದರೆ ಸುಪಾರಿ ಕೊಟ್ಟವನು ಎಲ್ಲಿ ಹೋದ? ಮುಂಗಡ ಕೊಟ್ಟಿದ್ದಾನೆ, ಕೆಲಸ ಆಗಿಲ್ಲ, ಕೆಲಸಕ್ಕೆ ಹೋದವಳು ಯಾರನ್ನು ಕೊಲ್ಲಬೇಕಿತ್ತೋ ಅವನ ಮನೆಯಲ್ಲೇ ಇದ್ದಾಳೆ. ಅವನು ಸುಮ್ನೆ ಕೂತಿರ್ತಾನಾ?

ಅರ್ಧಕಥೆ:

ಐದನೇ ಅಧ್ಯಾಯದಲ್ಲಿ ಅವಳ ಫೋನಿಗೆ ಕರೆ ಮಾಡ್ತಾನೆ. ಫೋನ್ ಇರೋದು ಪ್ರೇಮಿಯ ಹತ್ತಿರ.

ಮುಂಗೋಪಿ:

ಎತ್ತಿ ಏನಂತಾನೆ ಅನ್ನೋದನ್ನು ಬರೆದಾದ ಮೇಲೆ ಇಲ್ಲಿ ಹಾಕಿ. ಅಲ್ಲಿಯವರೆಗೆ ಅವನು ಒಳ್ಳೆಯವನು ಅಂತ ನಾನು ನಂಬಲ್ಲ.