ಪದಚರ್ಚೆ: ‘ಸ್ಕೂಲ್ ಬೋರ್ಡ್’ ಚುನಾವಣೆಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ‘ಸ್ಕೂಲ್ ಬೋರ್ಡ್’ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಆ ಊರಿನ ಸರ್ಕಾರಿ ಶಾಲೆಗಳೆಲ್ಲ ಏಳು ಜನರ ಒಂದು ಬೋರ್ಡಿನ ಕೈಯಲ್ಲಿವೆ. ಅವಧಿ ನಾಲ್ಕು ವರ್ಷ, ಜನರೇ ಓಟು ಹಾಕಿ ಆರಿಸುತ್ತಾರೆ. 2016ರಲ್ಲಿ ಮತದಾರರು ಒಪ್ಪಿದ ಪ್ರಪೊಸಿಷನ್ ಎನ್ ಎಂಬ ಪ್ರಸ್ತಾವದ ಪ್ರಕಾರ, ಅಮೆರಿಕದ ಪೌರರಲ್ಲದವರೂ ಇದೊಂದು ಚುನಾವಣೆಯಲ್ಲಿ ಓಟು ಹಾಕಬಹುದು. ತಾವೂ ಊರಲ್ಲೇ ವಾಸವಿರಬೇಕು, ಊರಲ್ಲಿ 19 ತುಂಬದ ಮಗುವೂ ಇರಬೇಕು. ಎಚ್‌1ಬಿ ವೀಸಾದವರಿಗೂ ಆಗುತ್ತದೆ. ಆದರೆ ಪ್ರತಿ ಸಲವೂ ಹೊಸದಾಗಿ ಹೆಸರು ನೋಂದಾಯಿಸಬೇಕು.

ಮೊದಲು ‘ಶಾಲಾ ಮಂಡಳಿ ಚುನಾವಣೆ’ ಎಂದು ಬರೆದು ಗೆಳತಿಗೆ ತೋರಿಸಿದೆ. “ಮಗಳ ಸ್ಕೂಲಿನ ಪೇರೆಂಟ್ಸ್ ಮೀಟಿಂಗ್ ತಾನೆ? ಕೈ ಎತ್ತಿದರೆ ಸಾಕಲ್ವಾ?” ಅಂದಳು. ಅವಳ ಹಕ್ಕೇ ಅವಳಿಗೆ ತಿಳಿಯಲಿಲ್ಲ. ದಯವಿಟ್ಟು ಒಂದು ಪದ ಕೊಡಿ.

———

> ಶಾಲಾ ಮಂಡಳಿ ಚುನಾವಣೆ

ಮೂರೂ ಹೊರಗಿನವು. ಶಾಲೆ, ಮಂಡಳಿ ಸಂಸ್ಕೃತ. ಚುನಾವಣೆಯ ಬುಡ ಹಿಂದಿಯ ‘ಚುನ್’. ನಮ್ಮಲ್ಲಿ ‘ಆಯ್’ ಇದೆ. ಅಕ್ಕಿ ಆಯುತ್ತೇವೆ, ಹೂ ಆಯುತ್ತೇವೆ. ‘ಕಲಿಮನೆ ಕೂಟದ ಆಯ್ಕೆ’ ಎನ್ನಿ. ಮುಗಿಯಿತು.

———

ಮುಗಿಯಲಿಲ್ಲ ಮೇಷ್ಟ್ರೇ. ಆ ಕಡೆ ‘ಕೂಟ’ ಅಂದರೆ ಕನ್ನಡ ಕೂಟ. ‘ಕಲಿಮನೆ ಕೂಟ’ ಅಂದರೆ ಭಾನುವಾರದ ಕನ್ನಡ ತರಗತಿ ಅಂದುಕೊಳ್ಳುತ್ತಾರೆ. ಇನ್ನು ಆಯ್ಕೆಯೂ ಚುನಾವಣೆಯೂ ಒಂದೇ ಅಲ್ಲ. ‘ಅವಿರೋಧ ಆಯ್ಕೆ’ ಅಂತ ಪೇಪರಿನಲ್ಲಿ ಬಂದರೆ ಓಟೇ ನಡೆಯಲಿಲ್ಲ ಅಂತ ಅರ್ಥ. ಆಯ್ಕೆಯನ್ನು ಒಂದು ಸಮಿತಿ ಬಾಗಿಲು ಹಾಕಿಕೊಂಡೂ ಮಾಡಬಹುದು. ಇಲ್ಲಿ ಹೇಳಬೇಕಾದ ಮಾತೇ ಓಟು.

‘ಬೋರ್ಡು’ ಇರಲಿ ಬಿಡಿ. ಮದ್ರಾಸ್ ಸರ್ಕಾರದ ಕಾಲದ ಡಿಸ್ಟ್ರಿಕ್ಟ್ ಬೋರ್ಡುಗಳು ನಡೆಸುತ್ತಿದ್ದ ಶಾಲೆಗಳನ್ನು ನಮ್ಮ ದಕ್ಷಿಣ ಕನ್ನಡದಲ್ಲಿ ಹಿರಿಯರು ಈಗಲೂ ‘ಬೋರ್ಡ್ ಹೈಸ್ಕೂಲ್’ ಅನ್ನುತ್ತಾರೆ. ಬೋರ್ಡು ಶಾಲೆ ನಡೆಸುತ್ತದೆ ಅನ್ನುವುದು ನಮಗೇನೂ ಹೊಸದಲ್ಲ.

———

ಬೋರ್ಡನ್ನು ಒಳಗೆ ಬಿಟ್ಟುಕೊಂಡಿರಿ. ನಾಳೆ ಎಲೆಕ್ಷನ್ನು, ನಾಡಿದ್ದು ಪೇರೆಂಟು. ಹೀಗೇ ಹೋದರೆ ಕನ್ನಡದ್ದು ಅಂತ ಉಳಿಯೋದು ವಿಭಕ್ತಿ ಪ್ರತ್ಯಯ ಮಾತ್ರ. ಒಂದು ತಲೆಮಾರು ಸೋಮಾರಿಯಾದರೆ ಮುಂದಿನದಕ್ಕೆ ಪದ ಕಟ್ಟುವ ಕೈಯೇ ಇರುವುದಿಲ್ಲ.

———

ಜಗಳದ ನಡುವೆ ಬಂದೆ, ಕ್ಷಮಿಸಿ. ಆ ಬೋರ್ಡಿನ ವ್ಯಾಪ್ತಿಗೆ, ಅಂದರೆ ‘ಸ್ಕೂಲ್ ಡಿಸ್ಟ್ರಿಕ್ಟ್’ಗೆ, ‘ಶೈಕ್ಷಣಿಕ ಜಿಲ್ಲೆ’ ಸಿದ್ಧವಾಗಿಯೇ ಇದೆ. ಶಿರಸಿ, ಚಿಕ್ಕೋಡಿ, ಮಧುಗಿರಿ ನೋಡಿ. ಬೋರ್ಡಿಗೆ ನಮ್ಮ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಥರ ‘ಮೇಲುಸ್ತುವಾರಿ ಸಮಿತಿ’ ಆಗದೇ?

———

ಆಗದು. ಎಸ್‌ಡಿಎಂಸಿ ಒಂದೊಂದು ಶಾಲೆಗೆ ಒಂದೊಂದು. ಶೈಕ್ಷಣಿಕ ಜಿಲ್ಲೆಗೆ ಡಿಡಿಪಿಐ (ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಸರ್ಕಾರದಿಂದ ಬರುತ್ತಾರೆ, ಅವರಿಗೆ ಯಾರೂ ಓಟು ಹಾಕುವುದಿಲ್ಲ. ಈ ಬೋರ್ಡು ಬಜೆಟ್ ಪಾಸು ಮಾಡುತ್ತದೆ, ಶಾಲೆಗಳ ಮುಖ್ಯಾಧಿಕಾರಿಯಾದ ಸೂಪರಿಂಟೆಂಡೆಂಟರನ್ನು ನೇಮಿಸುತ್ತದೆ. 2022ರ ಫೆಬ್ರವರಿಯಲ್ಲಿ ಅದರ ಮೂವರು ಸದಸ್ಯರನ್ನು ಮತದಾರರು ಅವಧಿಗೆ ಮೊದಲೇ ಕೆಳಗಿಳಿಸಿದರು. ‘ಮೇಲುಸ್ತುವಾರಿ’ ಇದಕ್ಕೆ ತೀರಾ ಚಿಕ್ಕ ಅಂಗಿ.

———

ಎಲ್ಲರಿಗೂ ಥ್ಯಾಂಕ್ಸ್. ತಲೆಬರಹ ‘ಸ್ಕೂಲ್ ಬೋರ್ಡ್ ಚುನಾವಣೆ’ ಎಂದೇ ಇಟ್ಟೆ. ಕೆಳಗೆ ‘ಊರಿನ ಸರ್ಕಾರಿ ಶಾಲೆಗಳನ್ನೆಲ್ಲ ನಡೆಸುವವರನ್ನು ನೀವೇ ಆಯ್ದುಕೊಳ್ಳಿ’ ಎಂದು ಸೇರಿಸಿದೆ. ಮೇಷ್ಟ್ರೇ, ನಿಮ್ಮ ‘ಆಯ್’ ಅಲ್ಲಿ ಚೆನ್ನಾಗಿ ಕೂತಿದೆ. ಗೆಳತಿ ಈ ಸಲ ಓದಿದವಳೇ ಫಾರಂ ಎಲ್ಲಿ ಸಿಗುತ್ತೆ ಎಂದು ಕೇಳಿದಳು. ಫಾರಮಿನಲ್ಲಿ ಕೊಟ್ಟ ವಿವರ ವಲಸೆ ಇಲಾಖೆಗೂ ಸಿಗಬಹುದು ಅನ್ನುವ ಎಚ್ಚರಿಕೆಯನ್ನೂ ದಪ್ಪಕ್ಷರದಲ್ಲಿ ಹಾಕಿದ್ದೇನೆ.

ಇನ್ನೊಂದೇ ತೊಡಕು. ಹೆತ್ತವರಲ್ಲದೆ ಮಗುವನ್ನು ನೋಡಿಕೊಳ್ಳುವವರಿಗೂ ಓಟು ಇದೆ. ಮೈಸೂರು ಕಡೆ ‘ಪೋಷಕರು’ ಅಂದರೆ ಅಪ್ಪ ಅಮ್ಮ. ಧಾರವಾಡದ ಕಡೆ ‘ಪಾಲಕರು’ ಅಂದರೂ ಅಪ್ಪ ಅಮ್ಮನೇ. ಹಾಗಾದರೆ ಸಾಕುತ್ತಿರುವ ಅಜ್ಜಿಗೆ ಏನನ್ನಲಿ?