ಆಂಡ್ರಾಯ್ಡ್‌ನಲ್ಲಿ ಯಾವ ಕೀ ಒತ್ತಿದರೂ ಕೀಕೋಡ್ 229, ಪಿನ್‌ಕೋಡ್ ತಪಾಸಣೆ ಕೈಕೊಡುತ್ತಿದೆ

ಪ್ರಶ್ನೆ: ಮೂಲೆಮನೆ

ಒಂದು ಅರ್ಜಿ ಫಾರ್ಮ್ ಇದೆ. ಹೆಸರು ಕನ್ನಡದಲ್ಲಿ, ಪಿನ್‌ಕೋಡ್ ಅಂಕಿಯಲ್ಲಿ. ಪಿನ್‌ಕೋಡ್ ಫೀಲ್ಡಿನ ಟೈಪ್ ಟೆಕ್ಸ್ಟ್, ಮ್ಯಾಕ್ಸ್‌ಲೆಂತ್ (ಗರಿಷ್ಠ ಉದ್ದ) 6. ಕೀಡೌನ್ ಇವೆಂಟಿನಲ್ಲಿ (ಕೀ ಒತ್ತಿದಾಗ ಬ್ರೌಸರ್ ಕೊಡುವ ಸೂಚನೆ) ಕೀಕೋಡ್, ಅಂದರೆ ಒತ್ತಿದ ಕೀಯ ಸಂಖ್ಯೆ, 48ರಿಂದ 57ರ (0–9 ಕೀಗಳು) ಒಳಗಿದ್ದರೆ ಬಿಡು, ಇಲ್ಲದಿದ್ದರೆ ಪ್ರಿವೆಂಟ್‌ಡಿಫಾಲ್ಟ್ (ತಡೆ) ಅಂತ ಬರೆದಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಸರಿ ಇದೆ, ಕ್ರೋಮಿನ ಮೊಬೈಲ್ ನೋಟದಲ್ಲೂ ಸರಿ ಇದೆ. ನಿಜವಾದ ಫೋನಿನಲ್ಲಿ ಜಿಬೋರ್ಡ್ (ಗೂಗಲ್ ಕೀಬೋರ್ಡ್) ಇಟ್ಟು ಟೈಪ್ ಮಾಡಿದರೆ ಎಲ್ಲಕ್ಕೂ 229. ಅಕ್ಷರ ಹೊಡೆದರೂ ಒಳಗೆ ಹೋಗುತ್ತದೆ. ಇದಕ್ಕೆ ಬೇರೆ ಕೋಡ್‌ಗಳ ಪಟ್ಟಿ ಏನಾದರೂ ಇದೆಯಾ?

ಉತ್ತರ 1: ಅರ್ಧಾಕ್ಷರ

ಪಟ್ಟಿ ಇಲ್ಲ, ಹುಡುಕಬೇಡಿ. 229 ಅಂದರೆ "ಈ ಒತ್ತುವಿಕೆ ಇನ್‌ಪುಟ್ ಮೆಥಡ್ (ಅಕ್ಷರ ಜೋಡಿಸುವ ಕೀಬೋರ್ಡ್ ತಂತ್ರಾಂಶ) ಕೈಯಲ್ಲಿದೆ, ಏನು ಬರುತ್ತದೆ ಅಂತ ಇನ್ನೂ ಗೊತ್ತಿಲ್ಲ" ಅಂತ ಬ್ರೌಸರ್ ಹೇಳುವುದು. ವಿಂಡೋಸಿನ ಕೀ ಸಂಖ್ಯೆಗಳ ಪಟ್ಟಿಯಲ್ಲಿನ ವಿಕೆ ಪ್ರೋಸೆಸ್‌ಕೀ (ಹೆಕ್ಸಿನಲ್ಲಿ ಇ5) ಇದೇ ಸಂಖ್ಯೆ. ಪರದೆಯ ಮೇಲಿನ ಕೀಬೋರ್ಡಿನಲ್ಲಿ ಒತ್ತಲು ನಿಜವಾದ ಕೀ ಎಲ್ಲಿದೆ? ಅದು ನೇರವಾಗಿ ಪಠ್ಯವನ್ನೇ ತಂದು ಹಾಕುತ್ತದೆ. ಕ್ರೋಮಿನ ಮೊಬೈಲ್ ನೋಟದಲ್ಲಿ ನೀವು ಒತ್ತುವುದು ಲ್ಯಾಪ್‌ಟಾಪಿನ ಕೀಗಳನ್ನೇ, ಹಾಗಾಗಿ ಈ ತೊಂದರೆ ಅಲ್ಲಿ ಕಾಣುವುದೇ ಇಲ್ಲ. ಫೋನನ್ನು ಯುಎಸ್‌ಬಿಗೆ ಸಿಕ್ಕಿಸಿ, ಕ್ರೋಮಿನ ಇನ್‌ಸ್ಪೆಕ್ಟ್ ಪುಟದಿಂದ ನೋಡಿ.

ಇನ್ನೊಂದು ಮಾತು, ನಿಮ್ಮ ಕೋಡ್ ಲ್ಯಾಪ್‌ಟಾಪಿನಲ್ಲೂ ಸರಿ ಇಲ್ಲ. ಶಿಫ್ಟ್ ಹಿಡಿದು 5 ಒತ್ತಿ: ಕೀಕೋಡ್ ಆಗಲೂ 53, ಒಳಗೆ ಬರುವುದು %. ಬಲಗಡೆಯ ನಂಬರ್ ಪ್ಯಾಡಿನ ಅಂಕಿಗಳು 96ರಿಂದ 105, ಅವು ತಡೆಯಲ್ಪಡುತ್ತವೆ. ಬ್ಯಾಕ್‌ಸ್ಪೇಸ್ (8), ಟ್ಯಾಬ್ (9) ಕೂಡ ಸತ್ತಿರುತ್ತವೆ. ಮೌಸಿನಿಂದ ಪೇಸ್ಟ್ ಮಾಡಿದರೆ ಕೀಡೌನ್ ಬರುವುದೇ ಇಲ್ಲ.

ಕೀಡೌನ್ ಇರುವುದು ಆಜ್ಞೆಗಳಿಗೆ: ಎಸ್ಕೇಪ್, ಬಾಣದ ಕೀಗಳು, ಶಾರ್ಟ್‌ಕಟ್. ಪಠ್ಯ ಬೇಕಿದ್ದರೆ ಇನ್‌ಪುಟ್ ಇವೆಂಟ್ ಹಿಡಿಯಿರಿ. ಪಿನ್‌ಕೋಡಿಗೆ ಹೀಗೆ ಮಾಡಿ:

ಟೈಪ್ ಟೆಕ್ಸ್ಟ್ ಆಗಿಯೇ ಇರಲಿ, ಇನ್‌ಪುಟ್‌ಮೋಡ್ ನ್ಯೂಮೆರಿಕ್ ಕೊಡಿ, ಫೋನಿನಲ್ಲಿ ಅಂಕಿಗಳ ಕೀಬೋರ್ಡ್ ಏಳುತ್ತದೆ. ಟೈಪ್ ನಂಬರ್ ಬೇಡ, ಅದು "1ಇ5" ಥರದ್ದನ್ನೂ ಸಂಖ್ಯೆ ಅಂತ ಒಪ್ಪುತ್ತದೆ. ಇನ್‌ಪುಟ್ ಇವೆಂಟಿನಲ್ಲಿ ವ್ಯಾಲ್ಯೂ ತೆಗೆದುಕೊಂಡು ಮೊದಲು ಕನ್ನಡ ಅಂಕಿಗಳನ್ನು ಬದಲಿಸಿ. ೦ಯಿಂದ ೯ರವರೆಗಿನ ಯುನಿಕೋಡ್ ಸಂಖ್ಯೆ 3302ರಿಂದ 3311, ಆದ್ದರಿಂದ 3302 ಕಳೆದರೆ ಅಂಕಿ ಸಿಗುತ್ತದೆ. ಆಮೇಲೆ 0–9 ಅಲ್ಲದ್ದನ್ನೆಲ್ಲ ತೆಗೆಯಿರಿ, ಕೊನೆಗೆ 6ಕ್ಕೆ ಕತ್ತರಿಸಿ. ಮ್ಯಾಕ್ಸ್‌ಲೆಂತ್ ತೆಗೆದುಹಾಕಿ. ಯಾರಾದರೂ "560 001" ಅಂತ ಪೇಸ್ಟ್ ಮಾಡಿದರೆ ಬ್ರೌಸರ್ ಮೊದಲೇ ಆರಕ್ಕೆ ಕತ್ತರಿಸಿ "560 00" ಕೊಡುತ್ತದೆ, ನಿಮ್ಮ ಕೈಗೆ ಐದೇ ಅಂಕಿ ಬರುತ್ತವೆ. ಬದಲಾವಣೆ ಆಗಿದ್ದರೆ ಮಾತ್ರ ವ್ಯಾಲ್ಯೂ ವಾಪಸ್ ಬರೆಯಿರಿ. ಇಲ್ಲದಿದ್ದರೆ ನಡುವಿನ ಅಂಕಿ ತಿದ್ದಲು ಹೋದವರ ಕರ್ಸರ್ ಸುಮ್ಮಸುಮ್ಮನೆ ಕೊನೆಗೆ ಹಾರಬಹುದು.

ಹೆಸರಿನ ಫೀಲ್ಡಿಗೂ ಮ್ಯಾಕ್ಸ್‌ಲೆಂತ್ ಹಾಕಿದ್ದರೆ ಒಮ್ಮೆ ನೋಡಿಕೊಳ್ಳಿ. "ಲಕ್ಷ್ಮೀ" ಕಣ್ಣಿಗೆ ಎರಡು ಅಕ್ಷರ, ಲೆಂತ್ 7: ಲ, ಕ, ್, ಷ, ್, ಮ, ೀ. ಮಿತಿ 20 ಇಟ್ಟರೆ ಒಂದು ಸಾಧಾರಣ ಹೆಸರೂ ತಂದೆಯ ಹೆಸರೂ ಹಿಡಿಸದೆ ಹೋಗಬಹುದು.

ಉತ್ತರ 2: ತೆರೆದಮನೆ

ಮೇಲಿನದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಹೆಸರಿನ ಫೀಲ್ಡಿನಲ್ಲಿ ಇನ್‌ಪುಟ್ ಇವೆಂಟ್ ಬಂದಾಗಲೆಲ್ಲ ವ್ಯಾಲ್ಯೂ ತಿದ್ದಬೇಡಿ. ಕೀಬೋರ್ಡ್ ಇನ್ನೂ ಪದ ಕಟ್ಟುತ್ತಿರುವಾಗ, ಅಂದರೆ ಪದದ ಕೆಳಗೆ ಗೆರೆ ಇರುವಾಗ, ಅದರ ಕಾಲಡಿಯ ಪಠ್ಯ ಬದಲಾದರೆ ಅಕ್ಷರಗಳು ಎರಡೆರಡು ಸಲ ಬೀಳುತ್ತವೆ, ಇಲ್ಲವೇ ಅರ್ಧ ಪದ ಮಾಯ. ಇವೆಂಟಿನ ಈಸ್‌ಕಂಪೋಸಿಂಗ್ ಗುಣ ಟ್ರೂ ಇದ್ದರೆ (ಪದ ಇನ್ನೂ ಕಟ್ಟುತ್ತಿದೆ) ಬಿಟ್ಟುಬಿಡಿ, ಕಂಪೊಸಿಷನ್‌ಎಂಡ್ (ಕಟ್ಟಿ ಮುಗಿಯಿತು) ಇವೆಂಟ್ ಬಂದಾಗ ತಿದ್ದಿ. ಕ್ರೋಮಿನಲ್ಲಿ ಕೊನೆಯ ಇನ್‌ಪುಟ್ ಆದ ಮೇಲೆಯೇ ಕಂಪೊಸಿಷನ್‌ಎಂಡ್ ಬರುವುದು, ಅದರ ನಂತರ ಇನ್ನೊಂದು ಇನ್‌ಪುಟ್ ಬರುವುದಿಲ್ಲ. ಆದ್ದರಿಂದ ಎರಡನ್ನೂ ಕೇಳಿಸಿಕೊಳ್ಳಬೇಕು.

ಇದೇ ನಿಯಮವನ್ನು ಸರ್ಚ್ ಬಾಕ್ಸಿಗೆ ಕಣ್ಣುಮುಚ್ಚಿ ಹಾಕಬೇಡಿ. ಜಿಬೋರ್ಡ್ ಇಂಗ್ಲಿಷ್ ಪದವನ್ನೂ ಹೀಗೇ ಕಟ್ಟುತ್ತದೆ. ಕಂಪೋಸಿಂಗ್ ಇದ್ದಾಗ ಸುಮ್ಮನಿದ್ದರೆ ಸ್ಪೇಸ್ ಒತ್ತುವ ತನಕ ಸಲಹೆಗಳೇ ಕಾಣುವುದಿಲ್ಲ. ಅಲ್ಲಿ ವ್ಯಾಲ್ಯೂ ಓದಿ, ವಾಪಸ್ ಬರೆಯಬೇಡಿ.

ಎಂಟರ್ ಒತ್ತಿದರೆ ಸಲ್ಲಿಕೆ ಅಂತಿದ್ದರೆ ಕೀಡೌನ್ ಬದಲು ಫಾರ್ಮಿನ ಸಬ್‌ಮಿಟ್ ಇವೆಂಟ್ ಹಿಡಿಯುವುದು ಒಳ್ಳೆಯದು. ಚಾಟ್ ಬಾಕ್ಸ್ ಥರದ ಕಡೆ ಕೀಡೌನ್ ಅನಿವಾರ್ಯ. ಪದದ ಆಯ್ಕೆಗೆ ಒತ್ತಿದ ಎಂಟರ್ ಸಂದೇಶವನ್ನು ಕಳಿಸಿಬಿಡಬಾರದು. ಸಫಾರಿಯಲ್ಲಿ ಕಂಪೊಸಿಷನ್‌ಎಂಡ್ ಮೊದಲು, ಕೀಡೌನ್ ಆಮೇಲೆ. ಅಷ್ಟು ಹೊತ್ತಿಗೆ ಈಸ್‌ಕಂಪೋಸಿಂಗ್ ಫಾಲ್ಸ್ ಆಗಿರುತ್ತದೆ, ಕೀಕೋಡ್ ಮಾತ್ರ 229 ಇರುತ್ತದೆ. ಈಸ್‌ಕಂಪೋಸಿಂಗ್ ಟ್ರೂ ಇದ್ದರೂ ಕೀಕೋಡ್ 229 ಇದ್ದರೂ ಏನೂ ಕಳಿಸದೆ ಹಿಂದಿರುಗಿ. ಹಳತಾಗಿದೆ ಅಂತ ಕೈಬಿಟ್ಟ ಕೀಕೋಡಿಗೆ ಉಳಿದಿರುವ ಮರ್ಯಾದೆಯ ಕೆಲಸ ಇದೊಂದೇ ಅನ್ನಿ.

ಮೂಲೆಮನೆ

ಧನ್ಯವಾದ, ಫೋನಿನಲ್ಲಿ ಈಗ ಸರಿಹೋಯಿತು. ಇನ್ನೆರಡು ಅನುಮಾನ. ಕಂಟ್ರೋಲ್+ಕೆ ಒತ್ತಿದರೆ ಹುಡುಕಾಟ ತೆರೆಯಬೇಕು, ಇನ್‌ಸ್ಕ್ರಿಪ್ಟ್ (ಭಾರತೀಯ ಭಾಷೆಗಳ ಕೀಬೋರ್ಡ್) ವಿನ್ಯಾಸ ಇಟ್ಟುಕೊಂಡವರಿಗೆ ಆಗುತ್ತಿಲ್ಲ. ಮತ್ತೆ ಇದೇ ಅರ್ಜಿಯ ವಿಂಡೋಸ್ ಆವೃತ್ತಿಯಲ್ಲಿ (ವಿನ್‌ಫಾರ್ಮ್ಸ್) ಕನ್ನಡ ಟೈಪಿಂಗ್ ಟೂಲ್ ಹಾಕಿದಾಗ ಕೀಡೌನಿನಲ್ಲಿ 231 ಬರುತ್ತಿದೆ.

ಉತ್ತರ 3: ಅರ್ಧಾಕ್ಷರ

ಇನ್‌ಸ್ಕ್ರಿಪ್ಟಿನಲ್ಲಿ ಕೆ ಕೀ ಮೇಲೆ ಇರುವುದು ಕ. ಇವೆಂಟಿನ 'ಕೀ' ಗುಣ ಅಕ್ಷರವನ್ನು ಹೇಳುತ್ತದೆ, 'ಕೋಡ್' ಗುಣ ಕೀ ಇರುವ ಜಾಗವನ್ನು ಹೇಳುತ್ತದೆ. ಹಾಗಂತ ಪೂರ್ತಿ 'ಕೋಡ್' ಮೇಲೆ ಹೋದರೆ ಜರ್ಮನ್ ಕೀಬೋರ್ಡಿನಲ್ಲಿ ಜೆಡ್ ಮತ್ತು ವೈ ಅದಲುಬದಲಾಗಿ ಅನ್‌ಡೂ ಕೆಡುತ್ತದೆ. ಮೊದಲು 'ಕೀ' ನೋಡಿ. ಅದು ಲ್ಯಾಟಿನ್ ಅಕ್ಷರ ಅಲ್ಲದಿದ್ದರೆ ಮಾತ್ರ 'ಕೋಡ್' ನೋಡಿ. ಕಂಟ್ರೋಲ್+ಆಲ್ಟ್+4 ಥರದ ಶಾರ್ಟ್‌ಕಟ್ ಇಡಬೇಡಿ. ವಿಂಡೋಸಿಗೆ ಆಲ್ಟ್‌ಜಿಆರ್ (ಬಲಗಡೆಯ ಆಲ್ಟ್) ಅಂದರೂ ಕಂಟ್ರೋಲ್+ಆಲ್ಟ್ ಅಂದರೂ ಒಂದೇ, ಭಾರತದ ಇಂಗ್ಲಿಷ್ ವಿನ್ಯಾಸದಲ್ಲಿ ಅದೇ ಜೋಡಿಯಿಂದ ₹ ಬರುವುದು.

231 ಅಂದರೆ ವಿಕೆ ಪ್ಯಾಕೆಟ್. ಟೂಲ್ ಕೀ ಒತ್ತಿದಂತೆ ನಟಿಸದೆ ವಿಂಡೋಸಿನ ಸೆಂಡ್‌ಇನ್‌ಪುಟ್ ಮೂಲಕ ಯುನಿಕೋಡ್ ಅಕ್ಷರವನ್ನೇ ಕಳಿಸುತ್ತಿದೆ. ಕೀಡೌನಿನಲ್ಲಿ ಅದನ್ನು ತಡೆಯಬೇಡಿ, ಅಕ್ಷರ ಕೀಪ್ರೆಸ್‌ಗೆ ಬರುತ್ತದೆ.

ಅಲ್ಲಿ ಆಟೊಕಂಪ್ಲೀಟ್ ಆನ್ ಇದ್ದರೆ ಅದನ್ನೂ ನೋಡಿ. ಇಂಥ ಕೆಲವು ಟೂಲ್‌ಗಳು 'ಕೆ' ಒತ್ತಿದಾಗ ಕ್ ಹಾಕಿ, 'ಎ' ಒತ್ತಿದಾಗ ಬ್ಯಾಕ್‌ಸ್ಪೇಸ್ ಕಳಿಸಿ ಹಲಂತ (್) ಅಳಿಸುತ್ತವೆ. ಅಷ್ಟರಲ್ಲಿ ಆಟೊಕಂಪ್ಲೀಟ್ ಮುಂದಿನ ಅಕ್ಷರಗಳನ್ನು ಸೆಲೆಕ್ಟ್ ಮಾಡಿ ತೋರಿಸಿದ್ದರೆ ಬ್ಯಾಕ್‌ಸ್ಪೇಸ್ ಅಳಿಸುವುದು ಆ ಸೆಲೆಕ್ಷನನ್ನು, ಹಲಂತ ಹಾಗೇ ಉಳಿಯುತ್ತದೆ. "ಕಮಲ" ಹೊಡೆದವರಿಗೆ "ಕ್ಮ್ಲ್" ಸಿಗುತ್ತದೆ. ಕನ್ನಡ ಫೀಲ್ಡುಗಳಲ್ಲಿ ಅಪೆಂಡ್ ಬದಲು ಸಜೆಸ್ಟ್ ಮೋಡ್ ಇಡಿ, ಪಟ್ಟಿ ಕೆಳಗೆ ತೆರೆದುಕೊಳ್ಳುತ್ತದೆ, ಪಠ್ಯವನ್ನು ಮುಟ್ಟುವುದಿಲ್ಲ.